ಒಂದೇ ಜಾಗ ಮುಟ್ಟುವ ಎರಡು ಕೆಲಸ

ನಮ್ಮ ಅಪ್ಪಾಜಿಗೆ ಯಾವ ವಿಷಯ ಹೇಳಿದರೂ ಅರ್ಧಕ್ಕೇ ಅರ್ಥವಾಗಿಬಿಡುತ್ತಿತ್ತು. ಉಳಿದರ್ಧ ಕೇಳುವ ತಾಳ್ಮೆ ಅವರಿಗಿರಲಿಲ್ಲ. ನ್ಯಾಮತಿಯ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವರು. ವರ್ಷಾನುಗಟ್ಟಲೆ ಪಾಠ ಹೇಳಿದವರಿಗೆ ಪಾಠ ಕೇಳುವ ಅಭ್ಯಾಸ ತಪ್ಪಿಹೋಗುತ್ತದೆ. ಸತ್ತವರ ಬಗ್ಗೆ ಹೀಗೆಲ್ಲ ಬರೆಯಬಾರದು ಅನ್ನುತ್ತಾರೆ. ಬದುಕಿದ್ದಾಗ ಪೂರ್ತಿ ಹೇಳಲು ಬಿಟ್ಟಿದ್ದರೆ ಈಗ ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ಇದು ಎಂಬತ್ತರ ದಶಕದ ನಡುವಿನ ಮಾತು. ನಾನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೆ. ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟಿದ್ದ ತರಗತಿ. ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು, ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದಳು. ಅವಳಿಗೆ ಓದು ಹತ್ತಲಿಲ್ಲ ಎಂದು ಮನೆಯವರು ಹೇಳಿಕೊಂಡು ತಿರುಗುತ್ತಿದ್ದರು. ನಿಜ ಏನೆಂದರೆ ಅವ್ವನಿಗೆ ಆಗ ಕೀಲುನೋವು ಶುರುವಾಗಿತ್ತು, ಅಡುಗೆಮನೆಗೆ ಒಬ್ಬರು ಬೇಕಾಗಿತ್ತು. ದೊಡ್ಡವಳು ಸಿಕ್ಕಳು.

ಕೊನೆಯ ವರ್ಷದಲ್ಲಿ ಇಬ್ಬಿಬ್ಬರು ಸೇರಿ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ನಾನು ಆರಿಸಿಕೊಂಡದ್ದು ಪ್ರೊಸೆಸರಿನ ಮೆಮೊರಿ ಕೆಲಸಗಳನ್ನು ಒಂದರೊಳಗೊಂದು ಹಾಯಿಸುವ, ಇಂಗ್ಲಿಷಿನಲ್ಲಿ ಓವರ್‌ಲ್ಯಾಪ್ ಅನ್ನುವ ವಿಷಯ. ಹೇಳಿಕೊಳ್ಳುವಷ್ಟು ಕಷ್ಟದ್ದೇನಲ್ಲ. ಲೆಕ್ಕ ಮಾಡುವ ಪ್ರೊಸೆಸರ್ ಚುರುಕು, ಅಂಕಿಗಳನ್ನು ಇಟ್ಟುಕೊಂಡಿರುವ ಮೆಮೊರಿ ನಿಧಾನ. ಒಂದು ಅಂಕಿ ಕೇಳಿದರೆ ಮೆಮೊರಿ ಅದನ್ನು ತೆಗೆದು ಕೊಡುವವರೆಗೆ ಪ್ರೊಸೆಸರ್ ಕೈಕಟ್ಟಿ ಕೂರಬೇಕು. ಅದಕ್ಕೊಂದು ಉಪಾಯವಿದೆ. ಮೆಮೊರಿಯನ್ನು ಎರಡು ಭಾಗ ಮಾಡಿ, ಒಂದು ಭಾಗ ತನ್ನ ಕೆಲಸದಲ್ಲಿರುವಾಗಲೇ ಇನ್ನೊಂದಕ್ಕೆ ಕೆಲಸ ಹೇಳುವುದು. ಮೊದಲನೆಯದು ಮುಗಿಯುವ ಮುಂಚೆಯೇ ಎರಡನೆಯದು ಶುರುವಾಗುತ್ತದೆ. ಬರೆಯುವ ಕೆಲಸವನ್ನೂ ಹೀಗೇ ಮಾಡಬಹುದು. ಬರೆಯಬೇಕಾದ ಅಂಕಿಯನ್ನು ಪಕ್ಕದ ಪುಟ್ಟ ಜಾಗದಲ್ಲಿ ಇಟ್ಟುಬಿಟ್ಟರೆ ಮೆಮೊರಿ ನಿಧಾನಕ್ಕೆ ಬರೆದುಕೊಳ್ಳುತ್ತದೆ, ಅಷ್ಟರಲ್ಲಿ ಪ್ರೊಸೆಸರ್ ಮುಂದಿನದನ್ನು ಓದಲು ಹೋಗುತ್ತದೆ. ಕಾಯುವುದು ತಪ್ಪುತ್ತದೆ.

ಆದರೆ ಒಂದು ಷರತ್ತಿದೆ. ಬರೆಯಲು ಬಾಕಿ ಇರುವ ಜಾಗವನ್ನೇ ಓದಲು ಹೋದರೆ ಕೆಟ್ಟಿತು. ಅಲ್ಲಿನ್ನೂ ಹಳೆಯ ಅಂಕಿಯೇ ಕೂತಿರುತ್ತದೆ. ಪ್ರೊಸೆಸರ್ ಅದನ್ನೇ ಹೊಸದೆಂದು ನಂಬಿ ಮುಂದಿನ ಲೆಕ್ಕವನ್ನೆಲ್ಲ ಹಾಳು ಮಾಡುತ್ತದೆ. ಹಾಗಾಗಿ ಎರಡು ಕೆಲಸಗಳೂ ಒಂದೇ ಜಾಗ ಮುಟ್ಟುತ್ತಿವೆಯೇ ಎಂದು ಪ್ರತಿ ಸಲವೂ ಹೋಲಿಸಿ ನೋಡಬೇಕು, ಮುಟ್ಟುತ್ತಿದ್ದರೆ ಎರಡನೆಯದನ್ನು ತಡೆದು ನಿಲ್ಲಿಸಬೇಕು. ನಾನು ಬೆಸೆದಿದ್ದ ಸರ್ಕ್ಯೂಟ್ ಬೋರ್ಡಿನಲ್ಲಿ ಹಾಗೆ ಹೋಲಿಸಲೆಂದೇ ಎರಡು ಚಿಪ್ಪುಗಳಿದ್ದವು. ಇಡೀ ಪ್ರಾಜೆಕ್ಟಿನಲ್ಲಿ ನನ್ನ ಸ್ವಂತದ್ದು ಅಂತ ಇದ್ದದ್ದು ಅವೆರಡೇ. ಉಳಿದದ್ದೆಲ್ಲ ಪುಸ್ತಕದಲ್ಲಿತ್ತು.

ನಮ್ಮ ಗೈಡ್ ಮೇಷ್ಟ್ರಿಗೆ ಅವು ಹಿಡಿಸಲಿಲ್ಲ. "ವೇಗ ತೋರಿಸ್ರಮ್ಮ, ಸಾಕು. ತಡೆಯೋದನ್ನ ತೋರಿಸಾಕೆ ಯಾರಾದ್ರೂ ಪ್ರಾಜೆಕ್ಟ್ ಮಾಡ್ತಾರಾ?" ಎಂದರು. ನನ್ನ ಜೊತೆಗಾರ, ಹರಿಹರದ ಕಡೆಯ ಹುಡುಗ, ಮೇಷ್ಟ್ರು ಹೇಳಿದ್ದಕ್ಕೆಲ್ಲ ಗೋಣು ಹಾಕುವವನು, ಅದಕ್ಕೂ ಹಾಕಿದ. ನಾನು ಬಿಡಲಿಲ್ಲ. ವೈವಾದಲ್ಲಿ, ಅಂದರೆ ಕೊನೆಯ ಮೌಖಿಕ ಪರೀಕ್ಷೆಯಲ್ಲಿ, ಆ ಭಾಗವನ್ನು ನಾನೇ ವಿವರಿಸುತ್ತೇನೆ ಎಂದು ಹಟ ಹಿಡಿದೆ. ಬೋರ್ಡನ್ನು ಊರಿಗೂ ಹೊತ್ತು ತಂದು ಪಡಸಾಲೆಯಲ್ಲಿ ಕೂತು ಬೆಸುಗೆ ಹಾಕುತ್ತಿದ್ದೆ. ಅಕ್ಕ ಬಿದ್ದ ಸೀಸದ ಹನಿಗಳನ್ನು ಗುಡಿಸುತ್ತಾ, "ಕಾಲಿಗೆ ಚುಚ್ಚಿದ್ರೆ ನಿನ್ನೇ ಕರ್ಕೊಂಡು ಬಂದು ಕೀಳಿಸ್ತೀನಿ ನೋಡು" ಅನ್ನುತ್ತಿದ್ದಳು.

ವೈವಾದ ಮೇಲೆ ನನಗೆ ಅಷ್ಟು ಆಸೆ ಇದ್ದದ್ದಕ್ಕೆ ಕಾರಣವಿದೆ. ನಾಲ್ಕು ವರ್ಷ ತರಗತಿಯಲ್ಲಿ ನನ್ನನ್ನು ಯಾರೂ ಒಂದು ಪ್ರಶ್ನೆ ಕೇಳಿರಲಿಲ್ಲ. ಮೇಷ್ಟ್ರ ಕಣ್ಣು ಹುಡುಗರ ಸಾಲಿನಲ್ಲಿ ಆಚೆಯಿಂದ ಈಚೆಗೆ ಓಡಾಡಿ, ನಮ್ಮ ಬೆಂಚಿಗೆ ಬಂದಾಗ ಹಾರಿ ಕರಿಹಲಗೆಗೆ ಹೋಗುತ್ತಿತ್ತು. ಲ್ಯಾಬಿನಲ್ಲಿ ಹುಡುಗರು ಉಪಕರಣ ಹಿಡಿಯುತ್ತಿದ್ದರು, ನಾವು ಅಕ್ಷರ ದುಂಡಗಿದೆ ಅಂತ ರೆಕಾರ್ಡ್ ಬರೆಯುತ್ತಿದ್ದೆವು. ಅದನ್ನು ಅವರು ಮರ್ಯಾದೆ ಅಂದುಕೊಂಡಿದ್ದರು. ವೈವಾದಲ್ಲಿ ಹಾಗೆ ಹಾರುವಂತಿರಲಿಲ್ಲ. ಅಲ್ಲಿ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳಲೇಬೇಕು. ಈ ಎರಡು ಚಿಪ್ಪು ಯಾಕೆ ಎಂದು ಕೇಳಿದರೆ ಏನು ಹೇಳಬೇಕೆಂದು ಬಸ್ಸಿನಲ್ಲಿ, ಬಚ್ಚಲಲ್ಲಿ ಎಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಒಂದು ಅಂಕಿ ಬರೆದು ತಕ್ಷಣ ಅದನ್ನೇ ಓದಿಸುವುದು. ಚಿಪ್ಪು ಇದ್ದರೆ ಬೋರ್ಡಿನ ದೀಪಗಳಲ್ಲಿ ಹೊಸ ಅಂಕಿ ಬೆಳಗುತ್ತದೆ. ಕಿತ್ತರೆ ಹಳೆಯದು. ಅಷ್ಟೇ ಸಾಕಿತ್ತು.

ಅಪ್ಪಾಜಿಗೆ ಇದನ್ನು ವಿವರಿಸಿದ್ದು ಅಡುಗೆಮನೆಯಲ್ಲಿ. ಅಕ್ಕ ರೊಟ್ಟಿ ಮಾಡುತ್ತಿದ್ದಳು. ಹೆಂಚಿನ ಮೇಲೆ ಒಂದು ಬೇಯುತ್ತಿರುವಾಗಲೇ ಅವಳು ಇನ್ನೊಂದನ್ನು ತಟ್ಟುತ್ತಾಳಲ್ಲ, ಹಾಗೆ ಎಂದೆ. ಅಪ್ಪಾಜಿಯ ಮುಖ ಅರಳಿತು. "ಅಂದ್ರೆ ಒಂದು ಮುಗಿಯೋ ತನಕ ಇನ್ನೊಂದಕ್ಕೆ ಕಾಯಬಾರ್ದು ಅಂತ."

"ಹೂಂ, ಎರಡೂ ಒಂದೇ ಜಾಗ ಮುಟ್ಟದಿದ್ರೆ ಅಪ್ಪಾಜಿ..."

ಅಷ್ಟರಲ್ಲಿ ಅವರು ಜಗಲಿಗೆ ಹೋಗಿ ಪಕ್ಕದ ಮನೆಯವರಿಗೆ ಮಗಳ ಪ್ರಾಜೆಕ್ಟ್ ಹೇಳಲು ಶುರು ಮಾಡಿದ್ದರು. ಆಮೇಲೆ ಅದು ಅವರ ಬಾಯಲ್ಲಿ ಮಂತ್ರವಾಯಿತು. ಒಲೆ ಹಚ್ಚಿ ಹಿಟ್ಟು ನಾದಿದರೂ ಓವರ್‌ಲ್ಯಾಪ್, ದನ ಕಟ್ಟುತ್ತಾ ರೇಡಿಯೋ ಕೇಳಿದರೂ ಓವರ್‌ಲ್ಯಾಪ್. ಆಗ ನನಗೆ ಹೆಮ್ಮೆಯಾಗುತ್ತಿತ್ತು.

ಅದೇ ದಿನಗಳಲ್ಲಿ ಅಕ್ಕನಿಗೆ ಚನ್ನಗಿರಿಯಿಂದ ಗಂಡು ಬಂತು. ಅಡಿಕೆ ಮಂಡಿಯಲ್ಲಿ ಕೆಲಸದಲ್ಲಿದ್ದ ಹುಡುಗ. ಅಕ್ಕ ಒಪ್ಪಿದಳು. ಒಪ್ಪಿದಳು ಅಂದರೆ, ಕೇಳಿದಾಗ ನೆಲ ನೋಡದೆ ನಕ್ಕಳು. ಅವಳು ಹಾಗೆ ನಕ್ಕದ್ದು ನಾನು ಕಂಡದ್ದು ಅದೊಂದೇ ಸಲ. ಆ ಮಾತುಕತೆಗೆ ಬಂದವರ ಪೈಕಿ ಯಾರೋ ಜಗಳೂರಿನ ಒಂದು ಮನೆತನದ ಸುದ್ದಿ ಎತ್ತಿದರು. ಬೀಜ ಗೊಬ್ಬರದ ಅಂಗಡಿ, ಒಬ್ಬನೇ ಮಗ, ಓದಿದ ಹುಡುಗಿ ಬೇಕಂತೆ. ಅಪ್ಪಾಜಿ ಕೂತಲ್ಲೇ ತೀರ್ಮಾನ ಮಾಡಿದರು. ಒಂದೇ ಹಂದರದಲ್ಲಿ ಎರಡು ಮದುವೆ.

ಅಕ್ಕತಂಗಿಯರನ್ನು ಒಂದೇ ಹಂದರದಲ್ಲಿ ಧಾರೆ ಎರೆಯುವುದು ನಮ್ಮ ಕಡೆ ಹೊಸದಲ್ಲ. ನೆಂಟರಿಗೆ ಒಂದೇ ಓಡಾಟ, ಅಡುಗೆಯವರೂ ಓಲಗದವರೂ ಒಬ್ಬರೇ. ಆದರೆ ಉಳಿದ ತಂದೆಯರು ಅದನ್ನು ಸುಮ್ಮನೆ ಮಾಡುತ್ತಿದ್ದರು. ನಮ್ಮ ತಂದೆ ಸಾಸ್ವೆಹಳ್ಳಿಯಿಂದ ಬಂದ ಸೋದರಮಾವನಿಗೆ, "ಇಂಜಿನಿಯರಿಂಗಿನಾಗೆ ಇದಕ್ಕೆ ಓವರ್‌ಲ್ಯಾಪ್ ಅಂತಾರೆ, ನಮ್ಮ ಸಣ್ಣವಳನ್ನ ಕೇಳು ಬೇಕಾದ್ರೆ" ಎಂದು ನನ್ನ ಕಡೆ ತೋರಿಸಿದರು. ಮಾವ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದೆ.

ಬೇಡ ಎಂದು ಅವ್ವನ ಹತ್ತಿರ ಅಂದಿದ್ದೆ. "ಪರೀಕ್ಷೆ ಮುಗಿದ ಮ್ಯಾಲೇ ಅಲ್ಲೇನೆ ಲಗ್ನ? ಇನ್ನೇನು ನಿಂದು?" ಎಂದಳು ಅವ್ವ. ನಿಜ, ಲಗ್ನ ಇಟ್ಟದ್ದು ಪರೀಕ್ಷೆ ಮುಗಿದ ಮೇಲೆಯೇ. ಆದರೆ ಆ ವರ್ಷ ಹುಡುಗರು ಯಾವುದಕ್ಕೋ ಮುಷ್ಕರ ಹೂಡಿದರು, ಪರೀಕ್ಷೆಗಳೆಲ್ಲ ಮುಂದಕ್ಕೆ ಹೋದವು. ಬರೆಯುವ ಪತ್ರಿಕೆಗಳು ಹೇಗೋ ಮುಗಿದವು. ವೈವಾ ಮಾತ್ರ ಧಾರೆಯ ಹಿಂದಿನ ದಿನಕ್ಕೆ ಬಂದು ಕೂತಿತು. ಅಪ್ಪಾಜಿಗೆ ಹೇಳಿದೆ. "ಅರಿಶಿನ ಹಚ್ಚಿದ ಮ್ಯಾಲೆ ಹೊಸಲು ದಾಟ್ತಾರಾ? ಮುಂದಿನ ಸಲ ಕೊಟ್ರಾತು. ಪರೀಕ್ಷೆ ವರ್ಷಾ ವರ್ಷಾ ಬರ್ತೈತೆ" ಎಂದರು. ಮುಂದಿನ ಸಲ ಎಂದರೆ ಜಗಳೂರಿನಿಂದ, ಅತ್ತೆಮನೆಯಿಂದ, ಹೊಸ ಪ್ರಾಜೆಕ್ಟ್ ಮಾಡಿಕೊಂಡು. ಅದು ಆಗುವ ಮಾತಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಅರಿಶಿನದ ದಿನ ನಮ್ಮಿಬ್ಬರನ್ನೂ ಅಕ್ಕಪಕ್ಕ ಮಣೆಯ ಮೇಲೆ ಕೂರಿಸಿ ಹಚ್ಚಿದರು. ಅಕ್ಕನ ಕೈಗೆ ದಪ್ಪಗೆ, ನನ್ನ ಕೈಗೂ. ಸಂಜೆ ಚನ್ನಗಿರಿ ಬಸ್ಸಿನಿಂದ ಒಬ್ಬರು ಇಳಿದು ಬಂದರು. ಚಪ್ಪಲಿ ಬಿಡದೆ ಹಂದರದ ಹೊರಗೇ ನಿಂತರು. ಅಕ್ಕನಿಗೆ ಗೊತ್ತಾದ ಹುಡುಗನ ದೊಡ್ಡಪ್ಪ ಮಧ್ಯಾಹ್ನ ತೀರಿಕೊಂಡಿದ್ದರು. ಸೂತಕದ ಮನೆ. ಮದುವೆ ಆಗುವಂತಿಲ್ಲ.

ಹಿರಿಯರೆಲ್ಲ ಪಡಸಾಲೆಯಲ್ಲಿ ಕೂತರು. ದೊಡ್ಡವಳದ್ದು ನಿಂತ ಮೇಲೆ ಸಣ್ಣವಳದ್ದು ಮಾಡುವುದು ಹೇಗೆ ಎಂದು ಸೋದರಮಾವ ಎತ್ತಿದ್ದು ನನಗೆ ಒಳಗೆ ಕೇಳಿಸಿತು. ಅಪ್ಪಾಜಿ ತಡಮಾಡಲಿಲ್ಲ. "ಒಂದು ನಿಂತ್ರೆ ಇನ್ನೊಂದನ್ನ ಯಾಕೆ ನಿಲ್ಲಿಸಾಕೆ ಹೋಗ್ಬೇಕು? ಹಂದರ ಹಾಕೈತೆ, ನೆಂಟ್ರು ಬಂದಾರೆ. ಸೂತಕ ಕಳೆದ ಮ್ಯಾಲೆ ಅವಳದ್ದು ಮಾಡಿದ್ರಾತು. ಹಿಂದು ಮುಂದಾದ್ರೆ ಏನಾತು, ಎರಡೂ ಮುಗಿತಾವಲ್ಲ."

ಮದುಮಗಳು ಹಿರಿಯರ ನಡುವೆ ಬರಬಾರದು. ನಾನು ಬಂದೆ. "ಅಪ್ಪಾಜಿ, ಅಕ್ಕಂದು ಆಗ್ತೈತೆ ಅಂತ ತಾನೇ ನಂದು ಇಟ್ಟಿದ್ದು? ಈಗ ನಂದು ಮೊದ್ಲು ಆದ್ರೆ ನಾಳೆ ಅಕ್ಕನ್ನ ಕೇಳಾಕೆ ಬಂದೋರು ಏನಂತಾರೆ? ಎರಡನ್ನೂ ಮುಂದಕ್ಕೆ ಹಾಕ್ರಿ."

"ಕಾಯ್ತಾ ಕೂರಬಾರ್ದು ಅಂತ ನೀನೇ ಹೇಳಿದ್ದಲ್ಲೇನೆ."

"ಎರಡೂ ಒಂದೇ ಜಾಗ ಮುಟ್ಟದಿದ್ರೆ ಅಂತಾನೂ ಹೇಳಿದ್ದೆ ಅಪ್ಪಾಜಿ."

"ಯಾವ ಜಾಗ? ಅವಳದ್ದು ಚನ್ನಗಿರಿ, ನಿಂದು ಜಗಳೂರು," ಎಂದರು. ಹಿರಿಯರು ನಕ್ಕರು. ಸಾವಿನ ಸುದ್ದಿ ಬಂದು ಇನ್ನೂ ಹೊತ್ತಾಗಿರಲಿಲ್ಲ, ಆದರೂ ನಕ್ಕರು. ಬಿಗಿದಿದ್ದ ಪಡಸಾಲೆ ಸಡಿಲವಾಯಿತು, ಯಾರೋ ಎಲೆಅಡಿಕೆ ತಟ್ಟೆ ಮುಂದಕ್ಕೆ ತಳ್ಳಿದರು. ಒಬ್ಬ ಹುಡುಗಿಯ ಬದುಕು, ಅಲ್ಲ, ಇಬ್ಬರು ಹುಡುಗಿಯರ ಬದುಕು ಆ ನಗುವಿನಲ್ಲಿ ತೀರ್ಮಾನವಾಯಿತು.

ಮುಂದೆ ಏನಾಯಿತು ಎಂದು ಇಲ್ಲೇ ಹೇಳಿಬಿಡುತ್ತೇನೆ, ಎಳೆದಾಡುವುದರಲ್ಲಿ ಸುಖವಿಲ್ಲ. ಸೂತಕ ಕಳೆಯಿತು. ಚನ್ನಗಿರಿಯವರು ಬರಲಿಲ್ಲ. ಈ ಹುಡುಗಿಗೆ ಅರಿಶಿನ ಮುಟ್ಟಿಸಿದ ದಿನವೇ ತಮ್ಮ ಮನೆಯಲ್ಲಿ ಹೆಣ ಬಿತ್ತು, ಕಾಲ್ಗುಣ ಸರಿಯಿಲ್ಲ ಎಂದು ಯಾರ ಕೈಲೋ ಹೇಳಿಕಳಿಸಿದರು. ಬೇರೆ ಗಂಡುಗಳು ಬಂದವು. ತಂಗಿಯ ಮದುವೆಯಾಗಿದೆ, ಅಕ್ಕನದು ಯಾಕೆ ಉಳಿದಿದೆ ಎಂದು ಜಗಲಿಯ ಮೇಲೇ ಕೇಳಿ, ಚಹಾ ಕುಡಿದು, ಎದ್ದು ಹೋದವು. ಊರೆಲ್ಲ ಸೂರೆಯಾದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಅಪ್ಪಾಜಿಯೂ ಕೊನೆಗೊಮ್ಮೆ, ಆವತ್ತು ಎರಡನ್ನೂ ನಿಲ್ಲಿಸಬೇಕಿತ್ತೇನೋ ಎಂದರು. ಅಕ್ಕ ಆಗ ಅವರ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು. ಅವಳಿಗೆ ಮದುವೆಯೇ ಆಗಲಿಲ್ಲ.

ಮತ್ತೆ ಆ ದಿನಕ್ಕೆ ಬರುತ್ತೇನೆ. ಮರುದಿನ ಬೆಳಿಗ್ಗೆ, ಅಂದರೆ ನನ್ನ ವೈವಾ ಇದ್ದ ದಿನ, ಅಕ್ಕನಿಗೆ ಅರಿಶಿನ ತೊಳೆದುಕೊಳ್ಳಲು ಹೇಳಿದರು. ಬಚ್ಚಲಲ್ಲಿ ಕೂತು ಸೀಗೆಪುಡಿ ಹಾಕಿ ಉಜ್ಜುತ್ತಿದ್ದಳು. ಅರಿಶಿನ ಒಂದು ತೊಳೆತಕ್ಕೆ ಹೋಗುವುದಿಲ್ಲ. ಮುಖದ್ದು ಹೋಯಿತು, ಅಂಗೈ ಹಳದಿಯಾಗೇ ಉಳಿಯಿತು. ನಾನು ಬಾಗಿಲಲ್ಲಿ ನಿಂತು ಅಳುತ್ತಿದ್ದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ನನ್ನನ್ನು ನೋಡಿದಳು.

"ನಂದಂತೂ ನಿಂತೋತು. ನಾನು ಹೊಸಲು ದಾಟಬೌದು. ದಾವಣಗೆರಿಗೆ ಹೋಗ್ಬರ್ತೀನಿ, ಯಾರನ್ನ ಕಾಣಬೇಕು, ಏನ್ ಕೇಳಬೇಕು ಹೇಳು."

ಹೊನ್ನಾಳಿಯ ಆಚೆಗೆ ಒಬ್ಬಳೇ ಬಸ್ಸು ಹತ್ತಿದವಳಲ್ಲ ಅವಳು. ಮದುವೆ ಮನೆಯಲ್ಲಿ ಎಲ್ಲರೂ ಹೂವು, ಬಾಳೆಕಂಬ ಅಂತ ಓಡಾಡುತ್ತಿದ್ದಾಗ ಸುಮ್ಮನೆ ಹಿತ್ತಲ ಬಾಗಿಲಿಂದ ಹೋದಳು. ಮದುವೆ ನಿಂತ ಹುಡುಗಿ ಎಲ್ಲೋ ಕೂತು ಅಳುತ್ತಿರಬೇಕೆಂದು ಯಾರೂ ಹುಡುಕಲಿಲ್ಲ. ದೀಪ ಹಚ್ಚುವ ಹೊತ್ತಿಗೆ ವಾಪಸು ಬಂದು, ನನ್ನ ತಲೆಗೆ ಹೂ ಮುಡಿಸುವ ನೆಪದಲ್ಲಿ ಕಿವಿಯಲ್ಲಿ ಹೇಳಿದಳು. "ನಾಳೆ ಸಂಜೆ ನಾಕ್ ಗಂಟೆ ತನಕ ಪರೀಕ್ಷೆ ಮಾಡೋರು ಅಲ್ಲೇ ಇರ್ತಾರಂತೆ. ಬಂದ್ರೆ ತಗಂತೀವಿ ಅಂದ್ರು. ನಿಮ್ಮ ದಿಬ್ಬಣ ಅದೇ ದಾರಿ ಮೇಲೆ ತಾನೇ ಹೋಗೋದು?"

ನ್ಯಾಮತಿಯಿಂದ ಜಗಳೂರಿಗೆ ದಾವಣಗೆರೆಯ ಮೇಲೆಯೇ ಹೋಗಬೇಕು. ನನಗೆ ಅದು ಹೊಳೆದೇ ಇರಲಿಲ್ಲ.

ಧಾರೆ ಆಯಿತು. ಅದರ ಬಗ್ಗೆ ಹೇಳಲು ಏನಿಲ್ಲ. ಊಟವಾದ ಮೇಲೆ ಬಸ್ಸು ಹೊರಟಿತು. ಮದುಮಗಳ ಜೊತೆ ತವರಿನಿಂದ ಒಬ್ಬರು ಹೋಗುವ ಪದ್ಧತಿ, ಅಕ್ಕ ತಾನೇ ಹೋಗುತ್ತೇನೆಂದು ಹಟ ಮಾಡಿ ನನ್ನ ಪಕ್ಕ ಕೂತಿದ್ದಳು. ಹರಿಹರ ದಾಟಿದಾಗ ನನ್ನ ಗಂಡನಿಗೆ ವಿಷಯ ಹೇಳಿದೆ. ಅವರಿಗೆ ನಾನು ಹೇಳಿದ ಮೊದಲ ಮಾತೇ ಅದು. ಅವರು ಒಳ್ಳೆಯವರು. ಒಳ್ಳೆಯತನಕ್ಕೆ ಬಾಯಿ ಇರಲಿಲ್ಲ, ಅಷ್ಟೇ. ಎದ್ದು ಹೋಗಿ ಮುಂದೆ ಕೂತಿದ್ದ ತಮ್ಮ ಚಿಕ್ಕಪ್ಪನನ್ನು ಕೇಳಿದರು. ಚಿಕ್ಕಪ್ಪ ತಿರುಗಿ ಎಲ್ಲರಿಗೂ ಕೇಳುವಂತೆ, "ದೀಪ ಹಚ್ಚೋ ಹೊತ್ತಿಗೆ ಸೊಸೆ ಮನೆ ತುಂಬಬೇಕು. ನಿಲ್ಲಿಸಾಕೆ ಎಲ್ಲೈತೆ ಟೈಮು?" ಎಂದರು. ಗಂಡ ವಾಪಸು ಬಂದು ಕಿಟಕಿಯಾಚೆ ನೋಡುತ್ತಾ ಕೂತರು.

ದಾವಣಗೆರೆ ಬಂತು. ಬಸ್ಸು ನಿಂತಿತು. ಚಿಕ್ಕಪ್ಪನಿಗೆ ಮೆಣಸಿನಕಾಯಿ ಮಂಡಕ್ಕಿ ನೆನಪಾಗಿತ್ತು. ಇಡೀ ದಿಬ್ಬಣ ಇಳಿದು ಅಂಗಡಿಗೆ ಮುತ್ತಿಗೆ ಹಾಕಿತು. ಬಾಣಲೆಯಲ್ಲಿ ಹೊಸದಾಗಿ ಹಾಕಿ, ಬಿಸಿ ಬಿಸಿ ಕೊಡಿ, ಹುಡುಗರಿಗೆ ಖಾರ ಕಮ್ಮಿ, ಹಿಂಗೆ ನಡೆಯಿತು. ನನ್ನ ನಾಲ್ಕು ವರ್ಷಕ್ಕೆ ಇಲ್ಲದ ಹೊತ್ತು ಮಂಡಕ್ಕಿಗೆ ಇತ್ತು. ಈಗಲೂ ದಾವಣಗೆರೆಯಲ್ಲಿ ಯಾರಾದರೂ ಅದನ್ನು ಪ್ರೀತಿಯಿಂದ ಮುಂದಿಟ್ಟರೆ ತಟ್ಟೆಯನ್ನು ಪಕ್ಕದವರ ಕಡೆ ಸರಿಸಿಬಿಡುತ್ತೇನೆ.

ಅಕ್ಕ ಎದ್ದು ನಿಂತಳು. ನನ್ನ ಗಂಡನಿಗೆ, "ಇವರೆಲ್ಲ ತಿಂದು ಕೈ ತೊಳೆಯೋ ಹೊತ್ತಿಗೆ ಬಂದ್ಬಿಡ್ತೀವಿ ರೀ" ಎಂದಳು. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅಕ್ಕ ನನ್ನ ಕೈ ಹಿಡಿದು ಇಳಿಸಿ ಆಟೋ ಕೂಗಿದಳು. ಧಾರೆ ಸೀರೆ, ಮೈತುಂಬ ಅರಿಶಿನ, ಕೊರಳಲ್ಲಿ ಬೆಳಿಗ್ಗೆಯ ತಾಳಿ. ಕಾಲೇಜಿನ ಮೆಟ್ಟಿಲ ಮೇಲೆ ಕೂತಿದ್ದ ಹುಡುಗರು ಸಿಳ್ಳೆ ಹೊಡೆಯಲೂ ಮರೆತು ನೋಡಿದರು.

ನಮ್ಮ ವಿಭಾಗದ ಕೋಣೆಯಲ್ಲಿ ಗೈಡ್ ಮೇಷ್ಟ್ರೂ ಹೊರಗಿನಿಂದ ಬಂದಿದ್ದ ಎಕ್ಸಾಮಿನರೂ ಚಹಾ ಕುಡಿಯುತ್ತಿದ್ದರು. ಅಕ್ಕನನ್ನು ಬಾಗಿಲಾಚೆ ನಿಲ್ಲಿಸಿ ನಾನು ಒಳಗೆ ಹೋದೆ. ಮೇಜಿನ ಮೇಲೆ, ಕೊನೆಯ ಪತ್ರಿಕೆ ಮುಗಿದಾಗ ಜೊತೆಗಾರನ ಕೈಗೆ ಕೊಟ್ಟು ಬಂದಿದ್ದ ನನ್ನ ಬೋರ್ಡಿತ್ತು. ಹೋಲಿಸಿ ನೋಡುವ ಎರಡು ಚಿಪ್ಪುಗಳ ಜಾಗ ಖಾಲಿ. ಹಿಂದಿನ ದಿನ ನನ್ನ ಜೊತೆಗಾರ ಅವನ್ನು ಕಿತ್ತು ಪಕ್ಕಕ್ಕಿಟ್ಟು, ವೇಗವಷ್ಟೇ ತೋರಿಸಿ, ಭೇಷ್ ಅನ್ನಿಸಿಕೊಂಡು ಹೋಗಿದ್ದ.

ಎಕ್ಸಾಮಿನರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಊಟ ಹಾಕಿಸದೆ ವೈವಾ ಕೊಡಾಕೆ ಬಂದ್ಬಿಟ್ಯಲ್ಲಮ್ಮ" ಎಂದರು. ಗೈಡ್ ಮೇಷ್ಟ್ರು ನಕ್ಕರು.

"ಸಾರ್, ಈ ಎರಡು ಚಿಪ್ ಹಾಕಿ ತೋರಿಸ್ತೀನಿ. ಇವಿಲ್ಲದಿದ್ರೆ ತಪ್ಪು ಅಂಕಿ ಬರುತ್ತೆ," ಎಂದು ಕೈ ಚಾಚಿದೆ.

"ಬ್ಯಾಡ ಬ್ಯಾಡ. ಅರಿಶಿನದ ಕೈ, ಷಾಕ್ ಗೀಕ್ ಹೊಡೆದೀತು. ನಿಮ್ಮ ಯಜಮಾನ್ರಿಗೆ ಯಾರು ಉತ್ತರ ಕೊಡೋರು?"

ಐದು ವೋಲ್ಟಿನ ಬೋರ್ಡದು. ಒದ್ದೆ ಕೈಯಲ್ಲಿ ಮುಟ್ಟಿದರೂ ಅದು ಯಾರಿಗೂ ಷಾಕ್ ಹೊಡೆಯುವುದಿಲ್ಲ. ಆ ಕೋಣೆಯಲ್ಲಿದ್ದ ಇಬ್ಬರು ದೊಡ್ಡವರಿಗೂ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ಎಕ್ಸಾಮಿನರ್ ಮುಂದಿದ್ದ ಹಾಳೆಯಲ್ಲಿ ನನ್ನ ಹೆಸರಿನ ಎದುರು ಏನೋ ಬರೆದರು. ಬಹಳ ಒಳ್ಳೆಯ ಅಂಕಗಳೇ. ನನಗೆ ಫಸ್ಟ್ ಕ್ಲಾಸ್ ಬಂದದ್ದು ಅದರಿಂದಲೇ.

"ಮದುವೆ ಉಡುಗೊರೆ ಅಂದ್ಕೋ. ಹೋಗಮ್ಮ, ಬಸ್ಸು ಕಾಯ್ತಿರ್ತೈತೆ."

ನಾನು ಹೋಗಲಿಲ್ಲ. ಬಾಯಿಪಾಠ ಮಾಡಿದ್ದೆಲ್ಲ ನಾಲಗೆಯ ತುದಿಯಲ್ಲಿತ್ತು. ಕೇಳದೆ ಹೇಳುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ಅವರಿಬ್ಬರೂ ಚಹಾದ ಲೋಟ ಕೆಳಗಿಟ್ಟು, ಇನ್ನೇನು ಎನ್ನುವಂತೆ ನೋಡಿದರು.

ಆಗ ಬಾಗಿಲ ಹತ್ತಿರದಿಂದ ಅಕ್ಕನ ದನಿ ಬಂತು. "ಒಂದಾದ್ರೂ ಕೇಳ್ರಿ ಸಾರ್. ಅವಳಿಗೆ ಬರ್ತೈತೆ."

ಎಕ್ಸಾಮಿನರ್ ಪೆನ್ನಿನ ಮುಚ್ಚಳ ಹಾಕಿ ಅವಳ ಕಡೆ ತಿರುಗಿದರು. "ಯಾರಮ್ಮ ನೀನು?"

"ಇವಳ ಅಕ್ಕ ರೀ," ಎಂದಳು.

ಆವತ್ತು ಆ ಕೋಣೆಯಲ್ಲಿ ಒಬ್ಬರು ಪ್ರಶ್ನೆ ಕೇಳಿ, ಇನ್ನೊಬ್ಬರು ಉತ್ತರ ಕೊಟ್ಟದ್ದು ಅಷ್ಟೇ.